ಫಿಲಡೆಲ್ಫಿಯ ನಗರದಲ್ಲಿ ನೋಡತಕ್ಕ ಸ್ಥಳಗಳು

ಅಮೆರಿಕ ಸಂಯುಕ್ತ ಸಂಸ್ಥಾನಗಳ ಇತಿಹಾಸವು ನಮ್ಮ ಬಿ.ಎ. ತರಗತಿಗಳ ಪಾಠಪಟ್ಟಿಯಲ್ಲಿ ಬಹುಕಾಲದಿಂದ ಇರುವ ವಿಷಯ. ಇದೇ ಕಾಲೇಜಿನಲ್ಲಿ ಅದನ್ನು ವಿದ್ಯಾರ್ಥಿಯಾಗಿ ಓದಿ, ಈಗ ಇಲ್ಲಿಯೇ ಅತಿಥಿ ಉಪನ್ಯಾಸಕನಾಗಿ ಅದನ್ನೇ ಬೋಧಿಸುವ ಯೋಗ ನನ್ನದಾಗಿದೆ. ಒಂದು ದಿನ ತರಗತಿಯಲ್ಲಿ 1776ನೆಯ ಇಸವಿಯ ಸ್ವಾತಂತ್ರ್ಯ ಘೋಷಣೆಯನ್ನು ವಿವರಿಸುತ್ತ, ಮನುಷ್ಯರೆಲ್ಲರೂ ಹುಟ್ಟಿನಿಂದಲೇ ಸಮಾನರೆಂಬ ತತ್ತ್ವವನ್ನು ಅಲ್ಲಿಯವರು ಜಗತ್ತಿಗೆ ಸಾರಿದರೆಂದು ಸ್ವಲ್ಪ ಆವೇಶದಿಂದಲೇ ಹೇಳುತ್ತಿದ್ದೆ. ಎರಡನೆಯ ಸಾಲಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಸಾರ್, ಅದನ್ನು ಬರೆದವರ ಮನೆಯಲ್ಲಿ ಆಗ ಗುಲಾಮರು ಇರಲಿಲ್ಲವೆ?” ಎಂದು ಕೇಳಿದಳು. ಗಂಟೆ ಹೊಡೆಯಲು ಇನ್ನು ಐದು ನಿಮಿಷವಿತ್ತು. “ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ ಅಮ್ಮ” ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ಅವಳು ಕೂತಳು. ನಾನು ಟಿಪ್ಪಣಿಯನ್ನು ಮುಂದುವರಿಸಿದೆ.

ಇದಾದ ಕೆಲವು ತಿಂಗಳಿಗೆ, 2023ರ ಬೇಸಿಗೆಯಲ್ಲಿ, ನನಗೆ ಆ ದೇಶವನ್ನು ಕಾಣುವ ಅವಕಾಶ ಒದಗಿತು. ನನ್ನ ಅಕ್ಕ ನ್ಯೂಜೆರ್ಸಿ ಸಂಸ್ಥಾನದ ಒಂದು ಆಸ್ಪತ್ರೆಯಲ್ಲಿ ದಾದಿ. ರಜೆಯಲ್ಲಿ ಸಂಬಳವಿಲ್ಲದ ಉದ್ಯೋಗ ನನ್ನದಾದ್ದರಿಂದ ವಿಮಾನದ ಟಿಕೆಟ್ಟನ್ನು ಆಕೆಯೇ ಕಳುಹಿಸಿದಳು. ಅವರ ಮನೆಯಿಂದ ರೈಲು ಹತ್ತಿ ಡೆಲವೇರ್ ನದಿಯನ್ನು ದಾಟಿದರೆ ಫಿಲಡೆಲ್ಫಿಯ. ಹೀಗೆ ನಾಲ್ಕಾರು ಸಲ ಹೋಗಿಬಂದು, ನಡೆದು ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಲ್ಲಿಗೆ ಹೋಗುವ ಭಾಗ್ಯ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಮುಂದೆ ಬರಬಹುದು. ಬಾರದವರಿಗೂ ಪಾಠವನ್ನು ಓದುವಾಗ ಈ ಬೀದಿಗಳು ಕಣ್ಣ ಮುಂದೆ ಇದ್ದರೆ ಒಳ್ಳೆಯದು.

ಮೊದಲು ಊರಿನ ಹುಟ್ಟನ್ನು ಎರಡು ಮಾತಿನಲ್ಲಿ ಹೇಳಬೇಕು. ವಿಲಿಯಂ ಪೆನ್ ಎಂಬ ಆಂಗ್ಲನು ಕ್ವೇಕರ್ ಪಂಥದವನು. ಯುದ್ಧವನ್ನೂ ಆಣೆಪ್ರಮಾಣಗಳನ್ನೂ ಒಪ್ಪದ ಆ ಪಂಥದವರಿಗೆ ಇಂಗ್ಲೆಂಡಿನಲ್ಲಿ ಸೆರೆಮನೆಯೇ ಗತಿಯಾಗಿದ್ದ ಕಾಲದಲ್ಲಿ, 1681ರಲ್ಲಿ, ಎರಡನೆಯ ಚಾರ್ಲ್ಸ್ ದೊರೆಯಿಂದ ಅವನಿಗೆ ಅಮೆರಿಕದಲ್ಲಿ ಒಂದು ಸೀಮೆಯೇ ದತ್ತಿಯಾಗಿ ದೊರೆಯಿತು. ಮರುವರ್ಷ ಡೆಲವೇರ್ ಮತ್ತು ಸ್ಕೂಲ್ಕಿಲ್ ಎಂಬ ಎರಡು ನದಿಗಳ ನಡುವೆ ಅವನು ಊರು ಕಟ್ಟಿಸಿ, ಸೋದರಪ್ರೇಮ ಎಂಬ ಅರ್ಥ ಬರುವ ಗ್ರೀಕ್ ಹೆಸರನ್ನಿಟ್ಟನು. ಚದುರಂಗದ ಹಾಸಿನಂತೆ ನೇರವಾದ ಬೀದಿಗಳು, ಐದು ಉದ್ಯಾನ ಚೌಕಗಳು. ಉತ್ತರ ದಕ್ಷಿಣದ ಬೀದಿಗಳಿಗೆ ಅಂಕಿಗಳು. ಪೂರ್ವ ಪಶ್ಚಿಮದವುಗಳಲ್ಲಿ ಹೆಚ್ಚಿನವಕ್ಕೆ ಮರಗಳ ಹೆಸರು — ಚೆಸ್ಟ್‌ನಟ್, ವಾಲ್‌ನಟ್, ಸ್ಪ್ರೂಸ್, ಪೈನ್. ನನ್ನಂತಹ ದಾರಿ ತಪ್ಪುವ ಸ್ವಭಾವದವನೂ ಅಲ್ಲಿ ದಾರಿ ತಪ್ಪಲಾರ. ನಾನು ಹೇಳಬೇಕಾದ ಸ್ಥಳಗಳಲ್ಲಿ ಮುಖ್ಯವಾದವು ಆರನೆಯ ಬೀದಿಯಲ್ಲಿಯೂ ಅದರ ಆಸುಪಾಸಿನಲ್ಲಿಯೂ ಇರುವುದರಿಂದ ಓದುಗರು ಆ ಅಂಕಿಯೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಎಲ್ಲರೂ ಮೊದಲು ಹೋಗುವುದು ಚೆಸ್ಟ್‌ನಟ್ ಬೀದಿಯ ಸ್ವಾತಂತ್ರ್ಯ ಭವನಕ್ಕೆ, ಎಂದರೆ ಇಂಡಿಪೆಂಡೆನ್ಸ್ ಹಾಲಿಗೆ. 1732ರಲ್ಲಿ ಕಟ್ಟಲು ಆರಂಭಿಸಿದ ಈ ಕೆಂಪು ಇಟ್ಟಿಗೆಯ ಭವನವು ಪೆನ್ಸಿಲ್ವೇನಿಯದ ಶಾಸನಸಭೆಯ ಕಟ್ಟಡವಾಗಿತ್ತು. 1979ರಲ್ಲಿ ಯುನೆಸ್ಕೋ ಸಂಸ್ಥೆ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾನು ಹೋದಾಗ, ಹೊತ್ತು ಗೊತ್ತುಪಡಿಸಿದ ಚೀಟಿಯನ್ನು ಮುಂಚಿತವಾಗಿ ಪಡೆದವರನ್ನು ತಂಡತಂಡವಾಗಿ ಒಳಗೆ ಬಿಡುತ್ತಿದ್ದರು. ಅಗಲವಾದ ಅಂಚಿನ ಟೋಪಿ ಧರಿಸಿದ ಉದ್ಯಾನ ಇಲಾಖೆಯ ನೌಕರರೊಬ್ಬರು ವಿವರಣೆ ನೀಡಿದರು.

ಒಳಗಿನ ಸಭಾಕೊಠಡಿಯನ್ನು ಕಂಡಾಗ ನನಗೆ ಮೊದಲು ಉಂಟಾದ ಭಾವನೆ ಆಶ್ಚರ್ಯ. ನಮ್ಮ ಕಾಲೇಜಿನ ದೊಡ್ಡ ತರಗತಿಗಿಂತ ಅದೇನೂ ಬಹಳ ದೊಡ್ಡದಲ್ಲ. ಹಸುರು ಬಟ್ಟೆ ಹೊದಿಸಿದ ಮೇಜುಗಳು, ಮರದ ಕುರ್ಚಿಗಳು, ಗರಿಯ ಲೇಖನಿಗಳು. ಎದುರು ಗೋಡೆಯ ನಡುವೆ ಎತ್ತರದ ಅಧ್ಯಕ್ಷಪೀಠ. ಸಾಮಾನುಗಳಲ್ಲಿ ಹೆಚ್ಚಿನವು ಆ ಕಾಲದ ಬೇರೆ ಕಡೆಯವು. ಆದರೆ ಅಧ್ಯಕ್ಷರ ಕುರ್ಚಿ ಮಾತ್ರ 1787ರಲ್ಲಿ ವಾಷಿಂಗ್ಟನ್ನನು ಕುಳಿತಿದ್ದ ಕುರ್ಚಿಯೇ. ಅದರ ಬೆನ್ನಿನ ಮೇಲೆ ಅರ್ಧ ಸೂರ್ಯನ ಕೆತ್ತನೆ ಇದೆ. ರಾಜ್ಯಾಂಗಕ್ಕೆ ಸಹಿ ಬೀಳುತ್ತಿದ್ದಾಗ ಮುದುಕ ಫ್ರಾಂಕ್ಲಿನ್ನನು, ಆ ಸೂರ್ಯ ಉದಯಿಸುತ್ತಿದ್ದಾನೋ ಮುಳುಗುತ್ತಿದ್ದಾನೋ ಎಂದು ತಿಂಗಳುಗಟ್ಟಲೆ ತಿಳಿಯದೆ ನೋಡುತ್ತಿದ್ದೆ, ಉದಯಿಸುತ್ತಿದ್ದಾನೆಂದು ಈಗ ತಿಳಿಯಿತು ಎಂಬರ್ಥದ ಮಾತನ್ನಾಡಿದನಂತೆ. ಮ್ಯಾಡಿಸನ್ನನು ಇದನ್ನು ತನ್ನ ದಿನಚರಿಯ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದಾನೆ.

ಇಲ್ಲಿ ನಮ್ಮ ಟಿಪ್ಪಣಿ ಪುಸ್ತಕಗಳ ಒಂದು ತಪ್ಪನ್ನು ತಿದ್ದುವುದು ಅವಶ್ಯ. ಸ್ವಾತಂತ್ರ್ಯ ಘೋಷಣೆಗೆ ಪ್ರತಿನಿಧಿಗಳೆಲ್ಲರೂ 1776ರ ಜುಲೈ 4ರಂದು ಸಹಿ ಹಾಕಿದರೆಂದು ನಾವು ಬರೆಸುತ್ತೇವೆ. ಸ್ವತಂತ್ರರಾಗಬೇಕೆಂಬ ಗೊತ್ತುವಳಿ ಅಂಗೀಕಾರವಾದದ್ದು ಜುಲೈ 2ರಂದು. ಘೋಷಣೆಯ ಒಕ್ಕಣೆಯನ್ನು ಒಪ್ಪಿದ್ದು 4ರಂದು. ಹಿಂದಿನ ಅಂಗಳದಲ್ಲಿ ಜನರಿಗೆ ಓದಿ ಹೇಳಿದ್ದು 8ರಂದು. ಹೆಚ್ಚಿನವರು ಸಹಿ ಮಾಡಿದ್ದು ಆಗಸ್ಟ್ 2ರಂದು. ಹನ್ನೊಂದು ವರ್ಷಗಳ ತರುವಾಯ ಅದೇ ಕೊಠಡಿಯಲ್ಲಿ 55 ಮಂದಿ ಸೇರಿ ರಾಜ್ಯಾಂಗವನ್ನು ರಚಿಸಿದರು. 1787ರ ಸೆಪ್ಟೆಂಬರ್ 17ರಂದು 39 ಮಂದಿ ಸಹಿ ಹಾಕಿದರು. ಆ ರಾಜ್ಯಾಂಗದಲ್ಲಿ ಗುಲಾಮ ಎಂಬ ಶಬ್ದ ಎಲ್ಲಿಯೂ ಬರುವುದಿಲ್ಲ. ಗುಲಾಮಗಿರಿ ಮಾತ್ರ ಮೂರು ಕಡೆ ಬರುತ್ತದೆ: ಪ್ರತಿನಿಧಿಗಳ ಸಂಖ್ಯೆಯನ್ನು ಗೊತ್ತುಮಾಡುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸತಕ್ಕದ್ದು, 1808ರವರೆಗೆ ಅವರ ಆಮದನ್ನು ಕಾಂಗ್ರೆಸ್ಸು ನಿಷೇಧಿಸಕೂಡದು, ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಓಡಿಹೋದವರನ್ನು ಒಡೆಯರಿಗೆ ಒಪ್ಪಿಸತಕ್ಕದ್ದು. “ಇತರ ವ್ಯಕ್ತಿಗಳು”, “ಸೇವೆಗೆ ಬದ್ಧನಾದ ವ್ಯಕ್ತಿ” ಎಂಬಂತಹ ಸುತ್ತುಬಳಸಿನ ಮಾತುಗಳಲ್ಲಿ ಇದೆಲ್ಲ ಅಡಗಿದೆ. ಈ ಮೂರನ್ನೂ ನಾನು ಪಾಠ ಮಾಡಿದ್ದೆ. ಆದರೆ ಎರಡನೆಯ ಸಾಲಿನ ಪ್ರಶ್ನೆಗೂ ಇದಕ್ಕೂ ಇರುವ ನಂಟು ನನಗೆ ಹೊಳೆದದ್ದು ಆ ಕೊಠಡಿಯ ಕಟಕಟೆಯ ಹಿಂದೆ ನಿಂತಾಗ.

ರಸ್ತೆ ದಾಟಿದರೆ ಗಾಜಿನ ಗೋಡೆಯ ಒಂದು ಉದ್ದನೆಯ ಮಂದಿರ. 2003ರಲ್ಲಿ ತೆರೆದ ಈ ಮಂದಿರದಲ್ಲಿ ಲಿಬರ್ಟಿ ಬೆಲ್ ಎಂದು ಲೋಕಪ್ರಸಿದ್ಧವಾದ ಸ್ವಾತಂತ್ರ್ಯಘಂಟೆ ತೂಗುತ್ತಿದೆ. ಇದಕ್ಕೆ ಚೀಟಿ ಬೇಕಾಗಿರಲಿಲ್ಲ. ಸರದಿಯಲ್ಲಿ ನಿಂತರೆ ಸಾಕಾಗಿತ್ತು. ನಮ್ಮ ಮುಂದೆ ಶಾಲೆಯ ಮಕ್ಕಳ ದೊಡ್ಡ ಗುಂಪು ಇದ್ದುದರಿಂದ ಗೋಡೆಯ ಮೇಲಿನ ಬರಹಗಳನ್ನೆಲ್ಲ ನಿಧಾನವಾಗಿ ಓದಲು ಅನುಕೂಲವಾಯಿತು. ಈ ಘಂಟೆಯ ಚರಿತ್ರೆ ಒಬ್ಬ ಇತಿಹಾಸದ ಮೇಷ್ಟರ ಗರ್ವಭಂಗಕ್ಕೆ ಹೇಳಿಮಾಡಿಸಿದಂತಿದೆ.

1751ರಲ್ಲಿ ಶಾಸನಸಭೆಯವರು ಲಂಡನ್ನಿನ ವೈಟ್‌ಚಾಪೆಲ್ ಎರಕದ ಕಾರ್ಖಾನೆಗೆ ಇದನ್ನು ಬರೆದು ತರಿಸಿದರು. ಮರುವರ್ಷ ಬಂದ ಘಂಟೆ ಮೊದಲ ಪರೀಕ್ಷೆಯಲ್ಲಿಯೇ ಸೀಳಿತು. ಪಾಸ್ ಮತ್ತು ಸ್ಟೋ ಎಂಬ ಸ್ಥಳೀಯ ಕಸಬುದಾರರಿಬ್ಬರು ಅದನ್ನು ಕರಗಿಸಿ ಮತ್ತೆ ಎರಕ ಹೊಯ್ದರು. ನಾದ ಕೆಟ್ಟಿತೆಂದು ಜನ ನಕ್ಕಿದ್ದರಿಂದ ಇನ್ನೊಮ್ಮೆ ಹೊಯ್ದರು. 1753ರ ಆ ಎರಕವೇ ಈಗ ಇರುವುದು. ತೂಕ ಸುಮಾರು 2,080 ಪೌಂಡು. ಅವರಿಬ್ಬರ ಹೆಸರು ಅದರ ಮೈಮೇಲೆ ಇದೆ. ಪೆನ್ಸಿಲ್ವೇನಿಯ ಎಂಬ ಹೆಸರಿನಲ್ಲಿ ಒಂದು ಅಕ್ಷರ ಕಡಿಮೆಯಿದೆ, ಆ ಕಾಲಕ್ಕೆ ಹಾಗೂ ಬರೆಯುತ್ತಿದ್ದರಂತೆ. ಮೇಲಂಚಿನಲ್ಲಿ, ದೇಶದ ನಿವಾಸಿಗಳೆಲ್ಲರಿಗೂ ಬಿಡುಗಡೆಯನ್ನು ಸಾರಬೇಕೆಂಬ ಬೈಬಲ್ಲಿನ ಹಳೆಯ ಒಡಂಬಡಿಕೆಯ ವಾಕ್ಯವಿದೆ. ಮೂಲದಲ್ಲಿ ಅದು ಐವತ್ತು ವರ್ಷಗಳಿಗೊಮ್ಮೆ ಆಳುಗಳನ್ನು ಬಿಡುಗಡೆ ಮಾಡಿ ಮನೆಗೆ ಕಳುಹಿಸಬೇಕೆಂಬ ವಿಧಿ.

ಜುಲೈ 4ರಂದು ಈ ಘಂಟೆಯನ್ನು ಬಾರಿಸಿ ಸ್ವಾತಂತ್ರ್ಯವನ್ನು ಸಾರಿದರೆಂದು ನಾನು ತರಗತಿಯಲ್ಲಿ ಹೇಳಿದವನು. ಅದು 1847ರಲ್ಲಿ ಜಾರ್ಜ್ ಲಿಪ್ಪಾರ್ಡ್ ಎಂಬ ಲೇಖಕ ಹೆಣೆದ ಕಥೆ! ಅದಕ್ಕಿಂತ ಹೆಚ್ಚಿನ ವಿಷಯವೆಂದರೆ ಸ್ವಾತಂತ್ರ್ಯಘಂಟೆ ಎಂಬ ಹೆಸರೇ 1776ರದಲ್ಲ. ಅಲ್ಲಿಯವರೆಗೆ ಅದು ಶಾಸನಸಭೆಯ ಘಂಟೆ, ಅಷ್ಟೆ. 1830ರ ದಶಕದಲ್ಲಿ ಗುಲಾಮಗಿರಿಯನ್ನು ಅಳಿಸಬೇಕೆಂದು ಹೋರಾಡುತ್ತಿದ್ದವರು ಅದರ ಮೈಮೇಲಿನ ವಾಕ್ಯವನ್ನು ಕಂಡು, ನಿವಾಸಿಗಳೆಲ್ಲರಿಗೂ ಎಂದು ಬರೆದಿದೆಯಲ್ಲ, ಎಲ್ಲರಿಗೂ ಎಲ್ಲಿ ಸಾರಿದ್ದೀರಿ ಎಂದು ಕೇಳಲು ಆ ಘಂಟೆಯ ಚಿತ್ರವನ್ನು ತಮ್ಮ ಪ್ರಕಟಣೆಗಳಲ್ಲಿ ಅಚ್ಚು ಹಾಕಿದರು. ಸ್ವಾತಂತ್ರ್ಯಘಂಟೆ ಎಂದು ಕರೆದವರೂ ಅವರೇ. ಅಂದರೆ ಅದು ಹೆಸರಾದದ್ದು ನನ್ನ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯಿಂದಲೇ. ಮತದಾನದ ಹಕ್ಕಿಗಾಗಿ ಹೋರಾಡಿದ ಹೆಂಗಸರು 1915ರಲ್ಲಿ ಇದರ ಪ್ರತಿಯೊಂದನ್ನು ಎರಕ ಹೊಯ್ಯಿಸಿ, ನಾಲಗೆಗೆ ಸರಪಳಿ ಬಿಗಿದು ಊರೂರು ಮೆರೆಸಿದರು. ಹಕ್ಕು ದೊರೆತ ಮೇಲೆ 1920ರಲ್ಲಿ ಸರಪಳಿ ಬಿಚ್ಚಿ ಬಾರಿಸಿದರು.

ಸೀಳಿನ ವಿಷಯದಲ್ಲಿಯೂ ಒಂದು ಮಾತು. ಚಿತ್ರಗಳಲ್ಲಿ ಕಾಣುವ ಅಗಲವಾದ ಬಿರುಕು ನಿಜವಾದ ಬಿರುಕಲ್ಲ. ಕೂದಲೆಳೆಯಂತಹ ಸೀಳು ಮುಂದೆ ಹರಡದಿರಲೆಂದು ಕಸಬುದಾರರು ಅದರ ಎರಡೂ ಅಂಚುಗಳನ್ನು ಅರದಿಂದ ಅಗಲಿಸಿದ ಗುರುತು ಅದು. ಉಪಾಯ ಫಲಿಸಲಿಲ್ಲ. 1846ರಲ್ಲಿ ವಾಷಿಂಗ್ಟನ್ನನ ಜನ್ಮದಿನಕ್ಕೆ ಬಾರಿಸಿದಾಗ ಸೀಳು ಮೇಲಕ್ಕೆ ಓಡಿತು; ಅಂದಿನಿಂದ ಅದು ಮೂಕವಾಗಿದೆ.

ಈ ಮಂದಿರದ ಬಾಗಿಲ ಪಕ್ಕದಲ್ಲಿಯೇ, ಆರನೆಯ ಬೀದಿಯೂ ಮಾರ್ಕೆಟ್ ಬೀದಿಯೂ ಕೂಡುವ ಮೂಲೆಯಲ್ಲಿ, ಚಾವಣಿಯಿಲ್ಲದ ಒಂದು ಮನೆಯ ಆಕಾರ ನಿಂತಿದೆ. ಗಿಡ್ಡ ಗೋಡೆಗಳು, ಬಾಗಿಲು ಕಿಟಕಿಗಳ ಚೌಕಟ್ಟುಗಳು, ನಡುವೆ ಗಾಜಿನ ಹಾಸಿನ ಕೆಳಗೆ ಹಳೆಯ ತಳಪಾಯದ ಕಲ್ಲುಗಳು. ಜನರು ಮಳೆಗೆ ಒದ್ದೆಯಾಗದಂತೆ ಅದರೊಳಗಿಂದ ಬೇಗಬೇಗನೆ ನಡೆದು ಘಂಟೆಯ ಸರದಿಗೆ ಹೋಗುತ್ತಿದ್ದರು. ನಾನೂ ಮೊದಲ ದಿನ ಹಾಗೆಯೇ ಹೋದೆ. ಎರಡನೆಯ ಸಲ ಅಕ್ಕ ಜೊತೆಯಲ್ಲಿದ್ದಳು. ಆಕೆ ಗೋಡೆಯ ಬಳಿ ನಿಂತುಬಿಟ್ಟು, “ಇಲ್ಲಿ ಬಾರೋ, ಬರೀ ಹೆಸರುಗಳಿವೆ” ಎಂದು ಕರೆದಳು.

ಫಿಲಡೆಲ್ಫಿಯವು 1790ರಿಂದ 1800ರವರೆಗೆ ಆ ದೇಶದ ರಾಜಧಾನಿಯಾಗಿತ್ತು. ವಾಷಿಂಗ್ಟನ್ನನು ಅಧ್ಯಕ್ಷನಾಗಿ 1790ರಿಂದ 1797ರವರೆಗೆ ಇಲ್ಲಿದ್ದ ಮನೆಯಲ್ಲಿಯೇ ವಾಸವಾಗಿದ್ದನು. ವರ್ಜೀನಿಯದ ತನ್ನ ತೋಟದಿಂದ ಒಂಬತ್ತು ಮಂದಿ ಗುಲಾಮರನ್ನು ಈ ಮನೆಯ ಊಳಿಗಕ್ಕೆ ಕರೆತಂದಿದ್ದನು. ಆ ಒಂಬತ್ತು ಹೆಸರುಗಳನ್ನು ಗೋಡೆಯ ಕಲ್ಲಿನಲ್ಲಿ ಕೊರೆದಿದ್ದಾರೆ: ಆಸ್ಟಿನ್, ಪ್ಯಾರಿಸ್, ಹರ್ಕ್ಯುಲಿಸ್, ಕ್ರಿಸ್ಟೋಫರ್ ಶೀಲ್ಸ್, ರಿಚ್ಮಂಡ್, ಜೈಲ್ಸ್, ಓನಿ ಜಡ್ಜ್, ಮೋಲ್, ಜೋ. ಮನೆಯನ್ನು 1832ರಲ್ಲಿ ಕೆಡವಿದ ಮೇಲೆ ಎಲ್ಲರೂ ಇದನ್ನು ಮರೆತಿದ್ದರು. ಘಂಟೆಗೆ ಹೊಸ ಮಂದಿರ ಕಟ್ಟುವ ಹೊತ್ತಿನಲ್ಲಿ, 2002ರಲ್ಲಿ, ಒಬ್ಬ ಇತಿಹಾಸಕಾರನು ಹಳೆಯ ದಾಖಲೆಗಳಿಂದ ಮನೆಯ ನಕ್ಷೆಯನ್ನು ಪ್ರಕಟಿಸಿದಾಗ, ಘಂಟೆಯನ್ನು ನೋಡಲು ಹೋಗುವವರು ಗುಲಾಮರ ವಸತಿಯಿದ್ದ ನೆಲವನ್ನು ತುಳಿದೇ ಹೋಗುವರೆಂಬುದು ಹೊರಬಿತ್ತು. ಊರಿನ ಜನ ವರ್ಷಗಟ್ಟಲೆ ಒತ್ತಾಯಿಸಿದರು. 2007ರಲ್ಲಿ ಉತ್ಖನನ ನಡೆಯಿತು. 2010ರ ಡಿಸೆಂಬರಿನಲ್ಲಿ ಈ ಸ್ಮಾರಕವನ್ನು ತೆರೆದರು.

ಇದರ ಹಿಂದಿನ ಕಾಯಿದೆಯ ಸಂಗತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪೆನ್ಸಿಲ್ವೇನಿಯವು 1780ರಲ್ಲಿಯೇ ಗುಲಾಮಗಿರಿಯನ್ನು ಕ್ರಮಕ್ರಮವಾಗಿ ತೊಲಗಿಸುವ ಕಾನೂನನ್ನು ಮಾಡಿತ್ತು. ಹೊರಗಿನವರು ತಮ್ಮೊಡನೆ ತಂದ ಗುಲಾಮರು ಆರು ತಿಂಗಳು ಒಂದೇ ಸಮನೆ ಅಲ್ಲಿ ಉಳಿದರೆ ಬಿಡುಗಡೆಯನ್ನು ಕೇಳಬಹುದಾಗಿತ್ತು. ಅಧ್ಯಕ್ಷನು ಮಾಡಿದ್ದೇನು? ಆರು ತಿಂಗಳು ತುಂಬುವ ಮುಂಚೆ ಏನಾದರೊಂದು ನೆವದಿಂದ ಅವರನ್ನು ತೋಟಕ್ಕೋ ನದಿಯಾಚೆಯ ನ್ಯೂಜೆರ್ಸಿಗೋ ಕಳುಹಿಸಿ ಮತ್ತೆ ಕರೆಸಿಕೊಳ್ಳುವ ಏರ್ಪಾಡು ಮಾಡಿದನು. ಅವರಿಗೂ ಊರಿನವರಿಗೂ ಗುಟ್ಟು ತಿಳಿಯಬಾರದೆಂದು ತನ್ನ ಕಾರ್ಯದರ್ಶಿಗೆ 1791ರ ಏಪ್ರಿಲಿನಲ್ಲಿ ಕಾಗದ ಬರೆದನು. 1788ರ ತಿದ್ದುಪಡಿ ಇಂತಹ ಉಪಾಯವನ್ನೇ ನಿಷೇಧಿಸಿತ್ತು. ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ 1793ರ ಶಾಸನಕ್ಕೆ ಅಂಕಿತ ಹಾಕಿದವನೂ ಇವನೇ.

1796ರ ಮೇ 21ರ ಸಂಜೆ, ಮನೆಯವರು ಊಟಕ್ಕೆ ಕುಳಿತಿದ್ದಾಗ, ಓನಿ ಜಡ್ಜ್ ಎಂಬ ಇಪ್ಪತ್ತೆರಡರ ಆಸುಪಾಸಿನ ಹೆಂಗಸು ಈ ಮನೆಯಿಂದ ಹೊರಗೆ ನಡೆದುಹೋದಳು. ಅಧ್ಯಕ್ಷನ ಹೆಂಡತಿಯ ಉಡುಗೆತೊಡುಗೆ ನೋಡಿಕೊಳ್ಳುತ್ತಿದ್ದ ಆಕೆಯನ್ನು ಮೊಮ್ಮಗಳ ಮದುವೆಗೆ ಉಡುಗೊರೆಯಾಗಿ ಕೊಡುವ ಮಾತು ನಡೆದಿತ್ತು. ಊರಿನ ಸ್ವತಂತ್ರ ಕರಿಯರ ಸಹಾಯದಿಂದ ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್ ಸೇರಿದಳು. ಹಿಡಿದುಕೊಟ್ಟವರಿಗೆ ಹತ್ತು ಡಾಲರು ಬಹುಮಾನವೆಂದು ಪತ್ರಿಕೆಯಲ್ಲಿ ಜಾಹೀರಾತು ಬಂತು. ಕರೆತರಲು ಜನ ಹೋದರು, ಆಕೆ ಬರಲಿಲ್ಲ. ಬಡತನದಲ್ಲಿ ಬಾಳಿ, ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡು, 1848ರಲ್ಲಿ ತೀರಿಕೊಂಡಳು. ಕಾನೂನಿನ ಪ್ರಕಾರ ಕೊನೆಯವರೆಗೂ ಓಡಿಹೋದ ಗುಲಾಮಳೇ. ಮುಪ್ಪಿನಲ್ಲಿ ಪತ್ರಿಕೆಯವರು ಕೇಳಿದಾಗ, ಮನೆ ಬಿಟ್ಟದ್ದಕ್ಕೆ ತನಗೆ ವ್ಯಥೆಯಿಲ್ಲವೆಂದಳಂತೆ. ಅಡುಗೆಯ ಹರ್ಕ್ಯುಲಿಸನು ವಾಷಿಂಗ್ಟನ್ನನ ಅರವತ್ತೈದನೆಯ ಹುಟ್ಟುಹಬ್ಬದ ದಿನವೇ, 1797ರ ಫೆಬ್ರವರಿ 22ರಂದು, ತೋಟದಿಂದ ಕಾಣೆಯಾದನು. ಅಂದಿನ ಔತಣಕ್ಕೆ ಅಡುಗೆ ಯಾರು ಮಾಡಿದರೋ!

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಸಂಗತಿ ಇದೆ. ತನ್ನ ಸ್ವಂತದ ಗುಲಾಮರೆಲ್ಲರಿಗೂ ಬಿಡುಗಡೆಯಾಗಬೇಕೆಂದು ವಾಷಿಂಗ್ಟನ್ನನು ಉಯಿಲಿನಲ್ಲಿ ಬರೆದು 1799ರಲ್ಲಿ ಮಡಿದನು. ಅಲ್ಲಿಯ ಸ್ಥಾಪಕರಲ್ಲಿ ಅಷ್ಟನ್ನು ಮಾಡಿದವರೂ ವಿರಳ. ಹೆಂಡತಿಯ ಮೊದಲ ಗಂಡನ ಆಸ್ತಿಯಾಗಿ ಬಂದವರ ಮೇಲೆ ಅವನಿಗೆ ಆ ಅಧಿಕಾರವಿರಲಿಲ್ಲ. ಓನಿ ಜಡ್ಜ್ ಆ ಪಾಲಿನವಳು.

ಮಾರ್ಕೆಟ್ ಬೀದಿಯಲ್ಲಿ ಒಂದೇ ಅಡ್ಡಬೀದಿ ಮುಂದೆ, ಏಳನೆಯ ಬೀದಿಯ ಮೂಲೆಯಲ್ಲಿ, ಜೆಫರ್ಸನ್ನನು ಬಾಡಿಗೆಗೆ ಕೊಠಡಿ ಹಿಡಿದು ಘೋಷಣೆಯನ್ನು ಬರೆದ ಮನೆಯನ್ನು 1975ರಲ್ಲಿ ಹೊಸದಾಗಿ ಕಟ್ಟಿ ನಿಲ್ಲಿಸಿದ್ದಾರೆ. ನೋಡಲು ಅಂತಹದೇನೂ ಇಲ್ಲ; ಸಾಮಾನ್ಯ ಮೂರಂತಸ್ತಿನ ಇಟ್ಟಿಗೆಯ ಮನೆ. ಆದರೂ ಅಲ್ಲಿಗೆ ಹೋಗಲೇಬೇಕು. ಆ ಕೊಠಡಿಗಳಲ್ಲಿ ಜೆಫರ್ಸನ್ನನ ಜೊತೆಗೆ, ಅವನ ಬಟ್ಟೆಬರೆಗಳನ್ನು ನೋಡಿಕೊಳ್ಳಲು, ರಾಬರ್ಟ್ ಹೆಮಿಂಗ್ಸ್ ಎಂಬ ಹದಿನಾಲ್ಕು ವರ್ಷದ ಗುಲಾಮ ಹುಡುಗನಿದ್ದನು. ಅವನು ಜೆಫರ್ಸನ್ನನ ಹೆಂಡತಿಗೆ ತಂದೆಯ ಕಡೆಯಿಂದ ತಮ್ಮನಾಗಬೇಕು. ಅವನಿಗೆ ಬಿಡುಗಡೆಯಾದದ್ದು 1794ರಲ್ಲಿ. ನನ್ನ ತರಗತಿಯ ಪ್ರಶ್ನೆಗೆ ಉತ್ತರ ಇಷ್ಟೇ: ಇದ್ದರಮ್ಮ, ಘೋಷಣೆಯನ್ನು ಬರೆಯುವಾಗ ಆ ಮನೆಯಲ್ಲಿಯೇ ಒಬ್ಬನಿದ್ದನು. ಅವಳು ಈಗ ಪದವಿ ಮುಗಿಸಿ ಕಾಲೇಜನ್ನು ಬಿಟ್ಟಿದ್ದಾಳೆ. ಈ ಸಂಚಿಕೆಯ ಒಂದು ಪ್ರತಿಯನ್ನು ಅವಳ ಊರಿಗೆ ಕಳುಹಿಸಬೇಕೆಂದಿದ್ದೇನೆ.

ಆದ್ದರಿಂದ ಹೋಗುವವರಿಗೆ ನನ್ನ ಸಲಹೆ ಇದು: ಚಾವಣಿಯಿಲ್ಲದ ಮನೆಯನ್ನು ಮೊದಲು ನೋಡಿ, ಅಲ್ಲಿಂದ ಘಂಟೆಗೆ, ಕೊನೆಗೆ ಭವನಕ್ಕೆ ಹೋಗಬೇಕು. ಮಾರ್ಗದರ್ಶಿ ಪುಸ್ತಕಗಳ ಕ್ರಮ ಇದಕ್ಕೆ ತಲೆಕೆಳಗು. ನಾನು ಆ ಕ್ರಮದಲ್ಲಿ ನೋಡಿದ್ದರಿಂದ ಎರಡನೆಯ ಸಲ ಎಲ್ಲವನ್ನೂ ಮತ್ತೆ ನೋಡಬೇಕಾಯಿತು.

ಭವನದಿಂದ ಅದೇ ಆರನೆಯ ಬೀದಿಯಲ್ಲಿ ದಕ್ಷಿಣಕ್ಕೆ ಹದಿನೈದು ನಿಮಿಷ ನಡೆದರೆ ಲಾಂಬರ್ಡ್ ಬೀದಿಯ ಮೂಲೆಯಲ್ಲಿ ಮದರ್ ಬೆತೆಲ್ ಎಂಬ ಚರ್ಚು ಇದೆ. ಪ್ರವಾಸಿಗಳ ನೂಕುನುಗ್ಗಲು ಇಲ್ಲಿ ಇಲ್ಲ. ಇದರ ಸ್ಥಾಪಕ ರಿಚರ್ಡ್ ಆಲನ್ 1760ರಲ್ಲಿ ಗುಲಾಮನಾಗಿ ಹುಟ್ಟಿ, ಕೂಲಿ ಮಾಡಿ ಕೂಡಿಟ್ಟ ಹಣದಿಂದ ತನ್ನನ್ನು ತಾನೇ ಕೊಂಡುಕೊಂಡವನು. ಬಿಳಿಯರ ಚರ್ಚಿನಲ್ಲಿ ಪ್ರಾರ್ಥನೆಗೆ ಮೊಣಕಾಲೂರಿದ್ದ ತನ್ನ ಜನರನ್ನು ಎಬ್ಬಿಸಲು ಹೋದಾಗ ಎಲ್ಲರೂ ಒಟ್ಟಾಗಿ ಹೊರಬಂದರು. 1787ರಲ್ಲಿ, ರಾಜ್ಯಾಂಗ ರಚನೆಯಾದ ವರ್ಷವೇ, ಆಲನ್ ಮತ್ತು ಅಬ್ಸಲಂ ಜೋನ್ಸ್ ಎಂಬ ಗೆಳೆಯ ಸೇರಿ ಸ್ವತಂತ್ರ ಆಫ್ರಿಕನರ ಸಂಘವನ್ನು ಕಟ್ಟಿದರು. 1793ರಲ್ಲಿ ಊರಿಗೆ ಹಳದಿ ಜ್ವರ ಬಂದು ಐವತ್ತು ಸಾವಿರ ಜನಸಂಖ್ಯೆಯಲ್ಲಿ ಸುಮಾರು ಐದು ಸಾವಿರ ಮಂದಿ ಸತ್ತರು. ಉಳ್ಳವರೆಲ್ಲ ಊರು ಬಿಟ್ಟರು; ರೋಗಿಗಳ ಶುಶ್ರೂಷೆಗೂ ಹೆಣ ಹೂಳುವುದಕ್ಕೂ ನಿಂತವರಲ್ಲಿ ಈ ಸಂಘದವರೇ ಮುಂದು. ಮರುವರ್ಷ ಚರ್ಚು ಸ್ಥಾಪನೆಯಾಯಿತು. ಈಗಿರುವುದು ಅದೇ ನಿವೇಶನದ ನಾಲ್ಕನೆಯ ಕಟ್ಟಡ, 1890ರದು. ಕೆಳಮನೆಯಲ್ಲಿ ಆಲನ್ನನ ಸಮಾಧಿ ಇದೆ. ರೋಗಿಗಳ ಶುಶ್ರೂಷೆಯ ಕಥೆಯನ್ನು ಕೇಳಿ ಅಕ್ಕ ಬಹಳ ಹೊತ್ತು ಅಲ್ಲಿಯೇ ಕುಳಿತಳು. ನಮ್ಮ ದೇಶದ ಆನಂದಿಬಾಯಿ ಜೋಶಿಯವರು ವೈದ್ಯಪದವಿ ಪಡೆದದ್ದು ಇದೇ ಊರಿನ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ, 1886ರಲ್ಲಿ, ಎಂಬುದನ್ನು ನನಗೆ ಹೇಳಿದವಳೂ ಅವಳೇ.

ಫ್ರಾಂಕ್ಲಿನ್ನನ ನೆನಪು ಊರಿನ ತುಂಬ ಇದೆ. ಅವನ ಮನೆಯನ್ನು 1812ರಲ್ಲಿಯೇ ಕೆಡವಿದ್ದರು. ಅದು ಹೇಗಿತ್ತೆಂದು ಖಚಿತವಾಗಿ ತಿಳಿಯದ್ದರಿಂದ 1976ರಲ್ಲಿ ಉಕ್ಕಿನ ಬಿಳಿಯ ಕಂಬಗಳಿಂದ ಮನೆಯ ಬರಿಯ ಗೆರೆಗಳನ್ನು ಆಕಾಶದಲ್ಲಿ ಎಳೆದು ನಿಲ್ಲಿಸಿದ್ದಾರೆ. ತಿಳಿಯದ್ದನ್ನು ಕಲ್ಪಿಸಿ ಕಟ್ಟದ ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಐದನೆಯ ಬೀದಿಯ ರುದ್ರಭೂಮಿಯಲ್ಲಿ ಅವನ ಸಮಾಧಿಯ ಮೇಲೆ ಜನ ಪೆನ್ನಿ ನಾಣ್ಯಗಳನ್ನು ಎಸೆಯುತ್ತಾರೆ. ಮಿತವ್ಯಯವನ್ನು ಬೋಧಿಸಿದವನಿಗೆ ಇದಕ್ಕಿಂತ ದೊಡ್ಡ ಕೀಟಲೆ ಇಲ್ಲ. ಅವನೂ ಒಂದು ಕಾಲಕ್ಕೆ ಗುಲಾಮರನ್ನು ಇಟ್ಟುಕೊಂಡವನೇ. ಆದರೆ ಮುಪ್ಪಿನಲ್ಲಿ ಗುಲಾಮಗಿರಿಯ ವಿರೋಧ ಸಂಘದ ಅಧ್ಯಕ್ಷನಾಗಿ, ಅದನ್ನು ತೊಲಗಿಸಬೇಕೆಂದು 1790ರ ಫೆಬ್ರವರಿಯಲ್ಲಿ ಕಾಂಗ್ರೆಸ್ಸಿಗೆ ಮನವಿ ಕಳುಹಿಸಿದನು. ಎರಡು ತಿಂಗಳಲ್ಲಿ ಮಡಿದನು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಎಲ್‌ಫ್ರೆತ್ಸ್ ಆಲಿ ಎಂಬ ಕಲ್ಲುಹಾಸಿನ ಓಣಿಯಲ್ಲಿ 1728ರಿಂದ 1836ರವರೆಗೆ ಕಟ್ಟಿದ 32 ಪುಟ್ಟ ಮನೆಗಳಿವೆ. ಈಗಲೂ ಅಲ್ಲಿ ಸಂಸಾರಗಳು ವಾಸವಾಗಿರುವುದರಿಂದ ಕಿಟಕಿಯೊಳಗೆ ಇಣುಕಬಾರದು. ನಗರಸಭೆಯ ಗೋಪುರದ ಮೇಲೆ 37 ಅಡಿ ಎತ್ತರದ ಪೆನ್ನನ ಪ್ರತಿಮೆ ಇದೆ. ಅದರ ಟೋಪಿಗಿಂತ ಎತ್ತರವಾಗಿ ಯಾರೂ ಕಟ್ಟಬಾರದೆಂಬ ಬಾಯಿಮಾತಿನ ಕಟ್ಟಳೆ 1980ರ ದಶಕದವರೆಗೂ ನಡೆಯಿತು. 1829ರಲ್ಲಿ ತೆರೆದು 1971ರಲ್ಲಿ ಮುಚ್ಚಿದ ಈಸ್ಟರ್ನ್ ಸ್ಟೇಟ್ ಸೆರೆಮನೆ ಈಗ ವಸ್ತುಸಂಗ್ರಹಾಲಯ. ಕೈದಿಯನ್ನು ಒಂಟಿಯಾಗಿ ಮೌನದಲ್ಲಿಟ್ಟರೆ ಪಶ್ಚಾತ್ತಾಪ ಹುಟ್ಟುವುದೆಂದು ನಂಬಿದ ದಯಾವಂತರು ಕಟ್ಟಿಸಿದ್ದು ಅದು. 1842ರಲ್ಲಿ ನೋಡಿದ ಡಿಕನ್ಸನು ಅದನ್ನು ದೇಹದಂಡನೆಗಿಂತ ಕ್ರೂರವೆಂದು ಖಂಡಿಸಿದನು.

ನಗರದ ಕಲಾ ವಸ್ತುಸಂಗ್ರಹಾಲಯದ 72 ಮೆಟ್ಟಿಲುಗಳನ್ನು ಒಂದು ಚಲನಚಿತ್ರದ ನೆನಪಿಗೆ ಹುಡುಗರು ಓಡುತ್ತ ಹತ್ತುತ್ತಾರೆ. ನಾನು ನಿಂತು ನಿಂತು ಹತ್ತಿದೆ. ಒಳಗೆ ಹೋದರೆ, ಇದ್ದಕ್ಕಿದ್ದಂತೆ ದಕ್ಷಿಣ ದೇಶದ ಕಲ್ಲಿನ ಕಂಬಗಳ ಮಂಟಪ! ಮಧುರೆಯ ಮದನಗೋಪಾಲಸ್ವಾಮಿ ದೇವಾಲಯದ ಕಂಬಗಳವು. ವಿಜಯನಗರದ ಅಧೀನದಲ್ಲಿ ನಾಯಕರು ಮಧುರೆಯನ್ನು ಆಳುತ್ತಿದ್ದ ಹದಿನಾರನೆಯ ಶತಮಾನದವು. ಅಲ್ಲಿಗೆ ಪ್ರವಾಸ ಬಂದಿದ್ದ ಫಿಲಡೆಲ್ಫಿಯದ ಮಹಿಳೆಯೊಬ್ಬರು 1912ರಲ್ಲಿ ರಾಶಿ ಬಿದ್ದಿದ್ದ ಆ ಕಲ್ಲುಗಳನ್ನು ಕೊಂಡು ಹಡಗಿನಲ್ಲಿ ಸಾಗಿಸಿದರು; 1919ರಲ್ಲಿ ಅವು ಸಂಗ್ರಹಾಲಯಕ್ಕೆ ಸೇರಿದವು. ಭಾವ ಒಂದು ಕಂಬವನ್ನು ಮುಟ್ಟಲು ಹೋದಾಗ ಕಾವಲಿನವರು ಬಂದು ತಡೆದರು. “ನಮ್ಮ ದೇವಸ್ಥಾನದ ಕಂಬ ಮುಟ್ಟೋದಕ್ಕೆ ಇವರ ಅಪ್ಪಣೆ ಬೇಕೇನಯ್ಯ!” ಎಂದು ಭಾವ ಕನ್ನಡದಲ್ಲಿ ಗೊಣಗಿದರು.

ಕೊನೆಯ ದಿನ ಸಂಜೆ ನಾವು ಮೂವರೂ ಡೆಲವೇರ್ ನದಿಯ ದಂಡೆಯ ಮೇಲೆ ಕುಳಿತಿದ್ದಾಗ ನಾನು ಅವರಿಗೆ ಒಂದು ಹಡಗಿನ ಕಥೆಯನ್ನು ಹೇಳಿದೆ. ಅದರ ಫಲಕವೇನೂ ಅಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಆಂಗ್ಲರ ಹಡಗುಗಳು ಈ ನದಿಯ ಮುಖದಲ್ಲಿ ವ್ಯಾಪಾರಿ ನೌಕೆಗಳನ್ನು ಹಿಡಿಯುತ್ತಿದ್ದುದರಿಂದ, 1782ರಲ್ಲಿ ಫಿಲಡೆಲ್ಫಿಯದವರು ಒಂದು ವ್ಯಾಪಾರಿ ಹಡಗಿಗೆ ಫಿರಂಗಿಗಳನ್ನು ಕಟ್ಟಿ ಜೋಶುವಾ ಬಾರ್ನಿ ಎಂಬ ಇಪ್ಪತ್ತೆರಡು ವರ್ಷದ ಯುವಕನ ಕೈಗೆ ಕೊಟ್ಟರು. ಏಪ್ರಿಲ್ 8ರಂದು ಅದು ತನಗಿಂತ ಬಲವಾದ ಜನರಲ್ ಮಂಕ್ ಎಂಬ ಆಂಗ್ಲ ಯುದ್ಧನೌಕೆಯನ್ನು ಅರ್ಧ ಗಂಟೆಯೊಳಗೆ ಸೋಲಿಸಿ ಸೆರೆಹಿಡಿಯಿತು. ಫಿಲಿಪ್ ಫ್ರೆನೋ ಎಂಬ ಕವಿ ಇದನ್ನು ಕುರಿತು ಕವನ ಬರೆದನು. ಗೆದ್ದ ಹಡಗಿನ ಹೆಸರು ಹೈದರ್ ಆಲಿ. ಅದೇ ಸಮಯದಲ್ಲಿ ಆಂಗ್ಲರೊಡನೆ ಕಾದುತ್ತಿದ್ದ ನಮ್ಮ ಶ್ರೀರಂಗಪಟ್ಟಣದ ಹೈದರನ ಹೆಸರೇ ಅದು. ಆ ವರ್ಷದ ಡಿಸೆಂಬರಿನಲ್ಲಿ ಅವನು ತೀರಿಕೊಂಡನು. ಈ ಹಡಗಿನ ಸುದ್ದಿ ಅವನ ಕಿವಿಗೆ ಬಿದ್ದಿತ್ತೆಂದು ನಾನು ಎಲ್ಲಿಯೂ ಓದಿಲ್ಲ.

“ಕಾರ್ನ್‌ವಾಲಿಸ್ ಕೂಡ ಈ ಊರಿಗೆ ಬಂದಿದ್ದ, ಭಾವ” ಎಂದೆ. 1777ರ ಸೆಪ್ಟೆಂಬರ್ 26ರಂದು ಆಂಗ್ಲರ ಸೈನ್ಯವನ್ನು ಫಿಲಡೆಲ್ಫಿಯದೊಳಕ್ಕೆ ನಡೆಸಿದವನು ಅವನೇ. ಘಂಟೆಯನ್ನು ಅದಕ್ಕೆ ಮುಂಚೆಯೇ ಬಂಡಿಯಲ್ಲಿ ಸಾಗಿಸಿ ಆಲನ್‌ಟೌನಿನ ಚರ್ಚೊಂದರಲ್ಲಿ ಬಚ್ಚಿಟ್ಟಿದ್ದರು. ಸ್ವಾತಂತ್ರ್ಯ ಭವನದಲ್ಲಿ ಅಮೆರಿಕನ್ ಸೆರೆಯಾಳುಗಳನ್ನು ಕೂಡಿಹಾಕಿದ್ದರು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಅವನು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಕರೆದೊಯ್ದನು. ನಮ್ಮ ಪಾಠಪಟ್ಟಿಯಲ್ಲಿ ಅವನು ಒಂದು ಪತ್ರಿಕೆಯಲ್ಲಿ ಸೋಲುತ್ತಾನೆ, ಬೇರೊಂದು ಪತ್ರಿಕೆಯಲ್ಲಿ ಗೆಲ್ಲುತ್ತಾನೆ. ಇಬ್ಬರೂ ಒಬ್ಬನೇ ಎಂದು ನಾನು ಇದುವರೆಗೆ ಯಾವ ತರಗತಿಯಲ್ಲಿಯೂ ಹೇಳಿರಲಿಲ್ಲ.

“ಇದು ಪರೀಕ್ಷೆಗೆ ಬರುತ್ತದೆಯೋ?” ಎಂದಳು ಅಕ್ಕ. ತರಗತಿಯಲ್ಲಿ ನಡೆದದ್ದನ್ನು ಅವಳಿಗೆ ಹೇಳಿದ್ದೆ. ಅಷ್ಟರಲ್ಲಿ ಸೇತುವೆಯ ದೀಪಗಳು ಹತ್ತಿಕೊಂಡವು. ರೈಲಿಗೆ ಹೊತ್ತಾಯಿತೆಂದು ಭಾವ ಎದ್ದರು.